ಮುಖಪುಟದಲ್ಲಿ ‘ಸಂಚಿಕೆ 1’, ಒಳಗೆ ಮೂವತ್ತು ವರ್ಷದ ಹಳೇ ಲೆಕ್ಕ

ಯುದ್ಧದಲ್ಲಿ ಸೋತು ಸುಣ್ಣವಾದ ಒಂದು ಗ್ರಹ. ಅಲ್ಲೊಬ್ಬ ಗಂಡಸು. ಒಂದು ಕಾಲಕ್ಕೆ ಲೋಹವನ್ನು ಬೆರಳ ತುದಿಯಲ್ಲಿ ಕುಣಿಸುತ್ತಿದ್ದವನು. ಈಗ ಆ ಶಕ್ತಿ ಇಲ್ಲ, ಯುದ್ಧದಲ್ಲೇ ಹೋಯಿತು. ಮನೆಯಲ್ಲಿ ಬಸುರಿ ಹೆಂಡತಿ. ಹಳೇ ಗೆಳೆಯನೊಬ್ಬ ಅವನನ್ನು ಹುಡುಕಿಕೊಂಡು ಬರುತ್ತಾನೆ. ಚದುರಿಹೋದ ಬಳಗವನ್ನು ಮತ್ತೆ ಕಟ್ಟಬೇಕು ಅನ್ನೋದು ಅವನ ಆಸೆ. ಬಣ್ಣಬಣ್ಣದ ಉಡುಪು ಯಾರ ಮೈಮೇಲೂ ಇಲ್ಲ. ಒಬ್ಬರನ್ನೊಬ್ಬರು ಕರೆಯುವುದು ಮನೆಯಲ್ಲಿಟ್ಟ ಹೆಸರಿನಲ್ಲಿ: ರಾಕ್, ರೀಪ್. ಪುಟದ ತುಂಬ ಒಂಬತ್ತು ಪುಟ್ಟ ಚೌಕ. ಒಂದರಲ್ಲಿ ಅರ್ಧ ಮುಖ, ಇನ್ನೊಂದರಲ್ಲಿ ಬರೀ ಕೈ, ಮತ್ತೊಂದರಲ್ಲಿ ಕತ್ತಲು.

ಇದು ಸೂಪರ್‌ಹೀರೋ ಕಾಮಿಕ್ಸ್. ಅಮೆರಿಕದ ಪ್ರಕಾಶನ ಸಂಸ್ಥೆ ಡಿಸಿ ಕಾಮಿಕ್ಸ್ ಹೊಸದಾಗಿ ಶುರು ಮಾಡಿದ ‘ಲೀಜನ್ ಆಫ್ ಸೂಪರ್-ಹೀರೋಸ್’ ಸರಣಿಯ ಒಂದನೇ ಸಂಚಿಕೆ. ಮುಖಪುಟದ ತಾರೀಕು ನವೆಂಬರ್ 1989.

ನನ್ನ ಕೈಗೆ ಇದು ಸಿಕ್ಕಿದ್ದು ಎಷ್ಟೋ ವರ್ಷದ ಮೇಲೆ, ಬೆಂಗಳೂರಿನ ಸೆಕೆಂಡ್ ಹ್ಯಾಂಡ್ ಪುಸ್ತಕದ ರಾಶಿಯೊಂದರಲ್ಲಿ. ಮುಖಪುಟದ ಮೇಲೆ ‘1’ ಅಂತ ಇತ್ತು. ಒಂದರಿಂದ ಶುರು ಮಾಡಿದರೆ ಅರ್ಥ ಆಗಲೇಬೇಕು ಅಲ್ವಾ? ತಗೊಂಡೆ. ಹತ್ತು ಪುಟ ದಾಟುವಷ್ಟರಲ್ಲಿ ಯಾರು ಯಾರಿಗೆ ಏನಾಗಬೇಕು ಅನ್ನೋದೇ ತಿಳಿಯದೆ ಮುಚ್ಚಿಟ್ಟೆ. ಹಳೇ ಕತೆಗಳನ್ನೆಲ್ಲ ಓದಿಕೊಂಡು ಆಮೇಲೆ ಮತ್ತೆ ತೆರೆದಾಗ ಅದೇ ಹತ್ತು ಪುಟ ಗಂಟಲು ಕಟ್ಟಿಸಿತು. ಓದುಗ ಅದೇ, ಪುಟವೂ ಅದೇ. ಎರಡು ಸಲಕ್ಕೆ ಎರಡು ಅಭಿಪ್ರಾಯ, ಎರಡೂ ಸುಳ್ಳಲ್ಲ.

ಈ ಪ್ರಕರಣವನ್ನು ಆರಿಸಿಕೊಂಡಿದ್ದು ಅದಕ್ಕೇ. ತಂಡದ ಕಾಮಿಕ್ಸ್ ಒಂದನ್ನು ಹೊಸದಾಗಿ ಶುರು ಮಾಡಿದಾಗಲೆಲ್ಲ ಓದುಗರು ಎರಡು ಪಾಲಾಗುತ್ತಾರೆ, ಅದರಲ್ಲೇನೂ ವಿಶೇಷವಿಲ್ಲ. ಆದರೆ ಲೀಜನ್‌ನ ಈ ರೀಲಾಂಚ್ ಮಾಡಿದವರಲ್ಲಿ ಓದುಗರೇ ಇದ್ದರು. ಓದುಗರಿಗಾಗಿ ಮಾಡಿದರು. ಆದರೂ ಜಗಳ ನಿಲ್ಲಲಿಲ್ಲ. ಐದೇ ವರ್ಷಕ್ಕೆ ಮೂವತ್ತಾರು ವರ್ಷದ ಕತೆಯನ್ನೆಲ್ಲ ಸ್ಲೇಟಿನಂತೆ ಒರೆಸಿ ಹಾಕಬೇಕಾಯಿತು.

ಓಟು ಹಾಕುವ ಓದುಗರು

ಲೀಜನ್ ಮೊದಲು ಕಾಣಿಸಿಕೊಂಡಿದ್ದು 1958ರಲ್ಲಿ, ‘ಅಡ್ವೆಂಚರ್ ಕಾಮಿಕ್ಸ್’ನ 247ನೇ ಸಂಚಿಕೆಯಲ್ಲಿ. ಬರೆದವರು ಆಟೋ ಬೈಂಡರ್, ಚಿತ್ರ ಆಲ್ ಪ್ಲಾಸ್ಟಿನೊ ಅವರದು. ಮೂವತ್ತನೇ ಶತಮಾನದ ಮೂವರು ಹದಿಹರೆಯದವರು, ಕಾಸ್ಮಿಕ್ ಬಾಯ್, ಸ್ಯಾಟರ್ನ್ ಗರ್ಲ್ ಮತ್ತು ಲೈಟ್ನಿಂಗ್ ಬಾಯ್ (ಮುಂದೆ ಇವನೇ ಲೈಟ್ನಿಂಗ್ ಲ್ಯಾಡ್), ಕಾಲಯಂತ್ರದಲ್ಲಿ ಹಿಂದಕ್ಕೆ ಬಂದು, ಇನ್ನೂ ಹುಡುಗನಾಗಿದ್ದ ಸೂಪರ್‌ಮ್ಯಾನ್ ಅಂದರೆ ಸೂಪರ್‌ಬಾಯ್‌ನನ್ನು ತಮ್ಮ ಕ್ಲಬ್ಬಿಗೆ ಕರೆಯುತ್ತಾರೆ. ಒಂದೇ ಸಲದ ಕತೆ ಆಗಬೇಕಿತ್ತು. ಓದಿದ ಮಕ್ಕಳು ಬಿಡಲಿಲ್ಲ. ಪತ್ರ ಬರೆದರು, ಇನ್ನೂ ಬೇಕು ಅಂದರು.

ಪತ್ರ ಬರೆಯುವ ಈ ಚಟ ಅಲ್ಲಿಗೇ ನಿಲ್ಲಲಿಲ್ಲ. ಅರವತ್ತರ ದಶಕದ ಅಡ್ವೆಂಚರ್‌ನಲ್ಲಿ ಲೀಜನ್‌ಗೆಂದೇ ಓದುಗರ ಪುಟವೊಂದಿತ್ತು. ಹೊಸ ಹೀರೋ ಹೀಗಿದ್ದರೆ ಹೇಗೆ, ಶಕ್ತಿ ಇಂಥದ್ದಾದರೆ ಹೇಗೆ ಅಂತ ಮಕ್ಕಳು ಬರೆದು ಕಳಿಸುತ್ತಿದ್ದರು. ಓದುಗರು ಬರೆದ ಉಡುಪಿನ ಚಿತ್ರಗಳನ್ನು ಪಾತ್ರಗಳಿಗೆ ತೊಡಿಸಿದ್ದೂ ಉಂಟು. ತಂಡದ ನಾಯಕ ಯಾರಾಗಬೇಕು ಅನ್ನೋದನ್ನು ಓದುಗರು ಓಟು ಹಾಕಿ ಹೇಳುತ್ತಿದ್ದರು. ಎಂಬತ್ತರ ದಶಕದಲ್ಲಿ ಪೋಲಾರ್ ಬಾಯ್ ನಾಯಕನಾಗಿದ್ದು ಹಾಗೆಯೇ. ತಂಡಕ್ಕೆ ಸೇರಲು ಬಂದು ‘ನೀನು ಬೇಡ’ ಅನ್ನಿಸಿಕೊಂಡು ಹೋಗಿದ್ದ ಹುಡುಗ ಅವನು. ವರ್ಷಗಟ್ಟಲೆ ಅವನ ಅವಮಾನ ನೋಡಿದ್ದ ಓದುಗರು ಒಂದು ದಿನ ಕುರ್ಚಿ ಮೇಲೆ ಕೂರಿಸಿದರು.

ಜಿಮ್ ಶೂಟರ್ ಕತೆ ಇನ್ನೂ ಚೆಂದ. ಪಿಟ್ಸ್‌ಬರ್ಗ್‌ನ ಹದಿಮೂರರ ಹುಡುಗ. ಮನೆಯಲ್ಲಿ ದುಡ್ಡಿನ ಕಷ್ಟ. ತಾನೇ ಲೀಜನ್ ಕತೆ ಬರೆದು, ಚಿತ್ರವನ್ನೂ ಬಿಡಿಸಿ ಡಿಸಿಗೆ ಕಳಿಸಿದ. ಸಂಪಾದಕ ಮಾರ್ಟ್ ವೈಸಿಂಗರ್ ಕೊಂಡುಕೊಂಡರು. 1966ರಲ್ಲಿ 346ನೇ ಸಂಚಿಕೆಯಲ್ಲಿ ಅವನ ಕತೆ ಅಚ್ಚಾದಾಗ ವಯಸ್ಸು ಹದಿನಾಲ್ಕು. ಕರಾಟೆ ಕಿಡ್, ಫೆರ್ರೊ ಲ್ಯಾಡ್, ಪ್ರಿನ್ಸೆಸ್ ಪ್ರೊಜೆಕ್ಟ್ರಾ ಎಲ್ಲ ಆ ಹುಡುಗನ ತಲೆಯಿಂದ ಬಂದವರು. ಆಮೇಲೆ ಲೀಜನ್‌ಗೆ ಬಂದ ಪಾಲ್ ಲೆವಿಟ್ಜ್ ಕೂಡ ಅಭಿಮಾನಿ ಪತ್ರಿಕೆ ನಡೆಸುತ್ತಲೇ ಈ ಕೆಲಸಕ್ಕೆ ಬಂದವರು. ಲೆವಿಟ್ಜ್ ಮತ್ತು ಚಿತ್ರಕಾರ ಕೀತ್ ಗಿಫೆನ್ 1982ರಲ್ಲಿ ಮಾಡಿದ ‘ದಿ ಗ್ರೇಟ್ ಡಾರ್ಕ್‌ನೆಸ್ ಸಾಗಾ’ವನ್ನು ಇವತ್ತಿಗೂ ಲೀಜನ್‌ನ ಶಿಖರ ಅಂತ ಕರೆಯುವವರಿದ್ದಾರೆ.

1976ರಿಂದ ಲೀಜನ್ ಅಭಿಮಾನಿಗಳದ್ದೇ ಒಂದು ಅಂಚೆ ಬಳಗವೂ ಇತ್ತು. ಹೆಸರು ‘ಇಂಟರ್‌ಲ್ಯಾಕ್’. ಕಾಮಿಕ್ಸ್‌ನಲ್ಲಿ ಮೂವತ್ತನೇ ಶತಮಾನದವರು ಆಡುವ ಭಾಷೆಯ ಹೆಸರು ಅದು. ಪ್ರತಿ ಸದಸ್ಯರೂ ತಮ್ಮ ಪುಟಗಳನ್ನು ತಾವೇ ಪ್ರತಿ ಮಾಡಿ ಒಬ್ಬರಿಗೆ ಕಳಿಸಬೇಕು. ಅವರು ಎಲ್ಲರ ಪುಟವನ್ನೂ ಸೇರಿಸಿ, ಹೊಲಿದು, ಎಲ್ಲರಿಗೂ ಅಂಚೆಯಲ್ಲಿ ಹಾಕಬೇಕು. ಮುಂದಿನ ಕಂತಿನಲ್ಲಿ ಹಿಂದಿನದಕ್ಕೆ ಉತ್ತರ. ಒಂದು ಮಾತಿಗೆ ಮರುಮಾತು ಬರಲು ತಿಂಗಳುಗಳೇ ಬೇಕು. ಜಗಳವೂ ನಿಧಾನ, ಆದರೆ ಗಟ್ಟಿ.

ಇಷ್ಟು ಹಿನ್ನೆಲೆ ಯಾಕೆಂದರೆ, ಈ ಕಾಮಿಕ್ಸ್ ತನ್ನ ಓದುಗರಿಗೆ ಮೂವತ್ತು ವರ್ಷ ಒಂದೇ ಪಾಠ ಹೇಳಿಕೊಟ್ಟಿತ್ತು: ನೀವೂ ಸದಸ್ಯರೇ. ಸದಸ್ಯರಾದವರು ಲೆಕ್ಕ ಇಡುತ್ತಾರೆ. ಯಾರು ಯಾವಾಗ ಸೇರಿದರು, ಯಾರು ಸತ್ತರು, ಯಾರಿಗೆ ಯಾರ ಮೇಲೆ ಮನಸ್ಸು, ಎಲ್ಲದರ ಖಾತೆ ಪುಸ್ತಕ ಅವರ ಹತ್ತಿರ ಇರುತ್ತದೆ.

ಸೂಪರ್‌ಬಾಯ್ ಇರಲೇ ಇಲ್ಲವಂತೆ

1985–86ರಲ್ಲಿ ಡಿಸಿ ತನ್ನ ಹಳೇ ಕತೆಗಳ ಗೋಜಲನ್ನೆಲ್ಲ ‘ಕ್ರೈಸಿಸ್ ಆನ್ ಇನ್ಫಿನಿಟ್ ಅರ್ಥ್ಸ್’ನಲ್ಲಿ ಬಿಡಿಸಲು ಹೋಯಿತು. ಬೆನ್ನಿಗೇ 1986ರಲ್ಲಿ ಜಾನ್ ಬರ್ನ್ ಸೂಪರ್‌ಮ್ಯಾನ್ ಕತೆಯನ್ನು ಮೊದಲಿಂದ ಹೇಳಿದರು. ಆ ಹೊಸ ಕತೆಯಲ್ಲಿ ಕ್ಲಾರ್ಕ್ ಕೆಂಟ್ ಚಿಕ್ಕವನಿದ್ದಾಗ ಸೂಪರ್‌ಬಾಯ್ ಆಗಿರಲೇ ಇಲ್ಲ.

ಸೂಪರ್‌ಮ್ಯಾನ್ ಓದುಗರಿಗೆ ಇದರಿಂದ ಅಂಥ ನಷ್ಟವೇನಿಲ್ಲ. ಲೀಜನ್‌ಗೆ ಬುಡಕ್ಕೇ ಕೊಡಲಿ ಬಿತ್ತು. ಆ ಮಕ್ಕಳು ತಂಡ ಕಟ್ಟಿದ್ದೇ ಸೂಪರ್‌ಬಾಯ್‌ನ ಕತೆ ಕೇಳಿ. 1987ರಲ್ಲಿ ಒಂದು ತೇಪೆ ಹಾಕಿದರು: ಲೀಜನ್ ಕಂಡ ಸೂಪರ್‌ಬಾಯ್ ನಿಜವಾದವನಲ್ಲ, ಟೈಮ್ ಟ್ರ್ಯಾಪರ್ ಎಂಬ ಖಳ ಸೃಷ್ಟಿಸಿದ ಪುಟ್ಟ ವಿಶ್ವದವನು. ಅವನನ್ನು ಸಾಯಿಸಿದ್ದೂ ಆಯಿತು. ತೇಪೆ ಒರಟಾಗಿತ್ತು, ಆದರೂ ಓದುಗರು ಅತ್ತರು, ಒಪ್ಪಿಕೊಂಡರು.

1989ರಲ್ಲಿ ಲೆವಿಟ್ಜ್ ಕೆಳಗಿಳಿದರು, ಸರಣಿ 63ನೇ ಸಂಚಿಕೆಗೆ ನಿಂತಿತು. ಹೊಸ ಸರಣಿಯ ಚುಕ್ಕಾಣಿ ಗಿಫೆನ್ ಕೈಗೆ ಬಂತು. ಅದೇ ಹೊತ್ತಿಗೆ ಈ ಮನುಷ್ಯ ಇನ್ನೊಂದು ಕಡೆ ಜಸ್ಟಿಸ್ ಲೀಗನ್ನು ನಗೆ ನಾಟಕದಂತೆ ನಡೆಸುತ್ತಿದ್ದರು. ಇಲ್ಲಿ ಅದರ ತದ್ವಿರುದ್ಧ. ಮಾತು ಬರೆಯಲು ಟಾಮ್ ಮತ್ತು ಮೇರಿ ಬಿಯರ್‌ಬಾಮ್ ದಂಪತಿಯನ್ನು ಕರೆಸಿಕೊಂಡರು. ಇಬ್ಬರೂ ಲೀಜನ್ ಅಭಿಮಾನಿ ಬಳಗದ ಹಳೇ ಹುಲಿಗಳು. ಇಂಕಿಂಗ್ (ಪೆನ್ಸಿಲ್ ಚಿತ್ರದ ಮೇಲೆ ಶಾಯಿ ಎಳೆಯುವ ಕೆಲಸ) ಮಾಡುತ್ತಾ ಕತೆಗೂ ಕೈಹಾಕಿದವರು ಆಲ್ ಗಾರ್ಡನ್. ಶುರುವಿಗೆ ಸಂಪಾದಕ ಮಾರ್ಕ್ ವೇಡ್. ಈ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಕತೆ ಐದು ವರ್ಷ ಮುಂದಕ್ಕೆ ಜಿಗಿಯಿತು. ಅಭಿಮಾನಿಗಳು ಈ ಕಾಲವನ್ನು ‘ಫೈವ್ ಇಯರ್ಸ್ ಲೇಟರ್’ ಅಂತಲೇ ಕರೆಯುತ್ತಾರೆ. ತಂಡ ಒಡೆದಿದೆ. ಭೂಮಿಯ ಸರ್ಕಾರ ಒಳಗೊಳಗೇ ಡಾಮಿನೇಟರ್‌ಗಳೆಂಬ ಅನ್ಯಗ್ರಹದವರ ಹಿಡಿತದಲ್ಲಿದೆ. ಸನ್ ಬಾಯ್ ಅದೇ ಸರ್ಕಾರದ ಬಾಯಿಯಾಗಿ ಕೆಲಸ ಮಾಡುತ್ತಿದ್ದಾನೆ. ಲೈಟ್ನಿಂಗ್ ಲ್ಯಾಡ್ ಮತ್ತು ಸ್ಯಾಟರ್ನ್ ಗರ್ಲ್ ತೋಟ ಮಾಡಿಕೊಂಡು ಸಂಸಾರ ನಡೆಸುತ್ತಿದ್ದಾರೆ. ಬ್ರಾಲ್ ಮತ್ತು ಇಮ್ಸ್ಕ್ ಗ್ರಹಗಳ ಯುದ್ಧದಲ್ಲಿ ಹಳೇ ಗೆಳೆಯರು ಎದುರುಬದುರು ಪಾಳೆಯಗಳಲ್ಲಿ ನಿಂತಿದ್ದರು. ಸಂಚಿಕೆಯ ಕೊನೆಯಲ್ಲಿ ಚಿತ್ರವಿಲ್ಲದ ಪುಟಗಳು: ಪತ್ರ, ವರದಿ, ದಾಖಲೆ. ಕತೆಯ ಎಷ್ಟೋ ಸುಳಿವು ಇರುವುದು ಅಲ್ಲೇ.

ನಾಲ್ಕನೇ ಸಂಚಿಕೆಗೆ ಮೇಲಿಂದ ಇನ್ನೊಂದು ಪೆಟ್ಟು. ಸೂಪರ್‌ಮ್ಯಾನ್ ಸಂಪಾದಕರ ಕಡೆಯಿಂದ ತಕರಾರು ಬಂದು, ಸೂಪರ್‌ಬಾಯ್ ಹೆಸರಿನ ಸೊಲ್ಲೂ ಎತ್ತದಂತೆ ಕತೆ ಬದಲಿಸಬೇಕಾಯಿತು. ಗಿಫೆನ್ ಬಳಗ ಕತೆಯೊಳಗೇ ಕಾಲದ ದಾರಿಯನ್ನು ತಿರುಗಿಸಿತು. ಸೂಪರ್‌ಬಾಯ್ ಜಾಗಕ್ಕೆ ತಂಡದ ಇನ್ನೊಬ್ಬ ಸದಸ್ಯ ಮಾನ್-ಎಲ್ ಬಂದ, ‘ವೇಲರ್’ ಎಂಬ ಹೆಸರಿನಲ್ಲಿ. ಸೂಪರ್‌ಗರ್ಲ್ ಜಾಗಕ್ಕೆ ಲಾರೆಲ್ ಗ್ಯಾಂಡ್ ಎಂಬ ಹೊಸ ಹುಡುಗಿ. ಟಿವಿಯ ‘ಸೂಪರ್‌ಗರ್ಲ್’ ಧಾರಾವಾಹಿ ನೋಡಿದವರಿಗೆ ಮಾನ್-ಎಲ್ ಗೊತ್ತಿರುತ್ತಾನೆ. ಕಾಮಿಕ್ಸ್‌ನಲ್ಲಿ ಅವನ ಪಾಡು ಅದಕ್ಕಿಂತ ಬಹಳ ಗೋಜಲಿನದು.

ಯಾರು ಏನಂದರು

ಮೊದಲ ಗುಂಪಿನ ದೂರು ಸರಳ: ಯಾರಿವರೆಲ್ಲ? ಇಪ್ಪತ್ತಕ್ಕೂ ಮಿಕ್ಕ ಪಾತ್ರಗಳು. ಮೊದಲಾದರೆ ಉಡುಪಿನ ಬಣ್ಣ, ಎದೆ ಮೇಲಿನ ಗುರುತು, ‘ಲ್ಯಾಡ್’ ‘ಗರ್ಲ್’ ಅನ್ನೋ ಹೆಸರು ನೋಡಿ ಗುರುತು ಹಿಡಿಯಬಹುದಿತ್ತು. ಕಾಸ್ಮಿಕ್ ಬಾಯ್ ಅನ್ನೋದು ಈಗ ನಗು ತರಿಸಬಹುದು, ಆದರೆ ಇಷ್ಟು ಜನರಿರುವ ಕತೆಯಲ್ಲಿ ಆ ಹೆಸರು ಅಂಗಡಿಯ ಬೋರ್ಡಿನ ಕೆಲಸ ಮಾಡುತ್ತಿತ್ತು. ಬೋರ್ಡು ಕಿತ್ತರು. ರಾಕ್, ರೀಪ್, ಜೋ, ಗಾರ್ತ್, ಇಮ್ರಾ, ಆಯ್ಲಾ ಅಂತ ಬರೀ ಮನೆ ಹೆಸರುಗಳು. ಹಳೇ ಓದುಗರಿಗೆ ಇವು ನಾಲಗೆಯ ತುದಿಯಲ್ಲೇ ಇದ್ದವು. ಹೊಸಬರಿಗೆ ಬೇರೆಯವರ ಮನೆ ಮದುವೆಗೆ ಹೋಗಿ ನೆಂಟರ ನಡುವೆ ಕೂತ ಹಾಗೆ. ಇಂಥವರ ದೂರು ನನಗೆ ಪೂರ್ತಿ ಒಪ್ಪಿಗೆ, ನಾನೇ ಅನುಭವಿಸಿದ್ದೇನೆ.

ಎರಡನೇ ಗುಂಪಿಗೆ ಇದೇ ಹಬ್ಬ. ಅವರು ಹನ್ನೆರಡನೇ ವಯಸ್ಸಿನಿಂದ ಈ ತಂಡದ ಜೊತೆ ಬೆಳೆದವರು. ಈಗ ಮೂವತ್ತರ ಆಸುಪಾಸು. ಕೆಲಸ, ಸಾಲ, ಮುರಿದ ಸಂಬಂಧ, ದೂರಾದ ಗೆಳೆಯರು. ಕಾಮಿಕ್ಸ್ ಪಾತ್ರಗಳಿಗೂ ಅದೇ ಆಗಿದೆ! ಯಾರ ಹೆಸರನ್ನೂ ಪರಿಚಯಿಸದೆ, ಕಣ್ಣು ಸನ್ನೆಯಲ್ಲೇ ಕತೆ ಹೇಳುವ ಈ ರೀತಿ ಅವರಿಗೆ ಮರ್ಯಾದೆ ಕೊಟ್ಟ ಹಾಗಿತ್ತು. ಒಂದು ಸಂಚಿಕೆಯನ್ನು ನಾಲ್ಕು ಸಲ ಓದಬೇಕಿತ್ತು, ಓದಿದರು. ಹಿನ್ನೆಲೆಯಲ್ಲಿ ಮೂಲೆಗೆ ಕಂಡ ಮುಖ ಯಾರದ್ದು ಅಂತ ಪುಟಗಟ್ಟಲೆ ಬರೆದುಕೊಂಡರು.

ಮೂರನೆಯವರು ಬೇರೆ ಥರ. ಅವರಿಗೆ ಎಲ್ಲರ ಹೆಸರೂ ಗೊತ್ತು, ಎಲ್ಲವೂ ಅರ್ಥವಾಗುತ್ತದೆ. ಅರ್ಥವಾಗುತ್ತದೆ ಅನ್ನೋದೇ ಅವರ ಸಂಕಟ. ಲೀಜನ್ ಅವರಿಗೆ ಒಂದು ನಂಬಿಕೆಯಾಗಿತ್ತು: ಸಾವಿರ ವರ್ಷದ ಆಚೆ ಎಲ್ಲ ಗ್ರಹದ ಮಕ್ಕಳೂ ಒಟ್ಟಿಗೆ ಕೂತು ನಗುತ್ತಾರೆ ಅನ್ನೋ ನಂಬಿಕೆ. ಈಗಿನ ಪುಟಗಳಲ್ಲಿ ಯುದ್ಧ, ಬಡತನ, ಸಾವು. ಮೊದಲ ಕೆಲವು ಸಂಚಿಕೆಯೊಳಗೇ ಕಲ್ಲಿನ ಮೈಯ, ಮೆತ್ತನೆ ಮನಸ್ಸಿನ ಬ್ಲಾಕ್‌ನನ್ನು ರೊಕ್ಸಾಸ್ ಎಂಬ ಕೊಲೆಗಡುಕ ಕೊಂದುಹಾಕುತ್ತಾನೆ. ಇವರು ಕೇಳಿದ್ದು ಇಷ್ಟೇ: ಲೋಕವೆಲ್ಲ ಹೀಗೇ ಇದೆ, ಇದೊಂದು ಮೂಲೆಯನ್ನಾದರೂ ಬೆಳಕಿಗೆ ಬಿಡಬಾರದಿತ್ತೇ? ‘ಕತ್ತಲು ಇದ್ದರೆ ದೊಡ್ಡವರ ಕತೆ’ ಅನ್ನೋದು ಆ ಕಾಲದ ಅಮೆರಿಕನ್ ಕಾಮಿಕ್ಸ್‌ಗೆ ಹಿಡಿದಿದ್ದ ಜ್ವರ. ಒಂಬತ್ತು ಚೌಕದ ಪುಟವೂ ಆ ಜ್ವರದ ಜೊತೆಗೇ ಬಂದದ್ದು. ಈ ಮೂರನೆಯವರನ್ನು ಹಳೇಕಾಲದವರು ಅಂತ ತಳ್ಳಿಹಾಕುವುದು ಸುಲಭ. ನನಗೆ ಅವರ ಮಾತಿನಲ್ಲಿ ತೂಕ ಕಾಣುತ್ತದೆ.

ಸೂಪರ್‌ಬಾಯ್ ವಿಚಾರದಲ್ಲಿ ಮಾತ್ರ ಮೂರೂ ಗುಂಪು ಒಂದಾದವು. ಯಾರಿಗೂ ಅದು ಇಷ್ಟವಾಗಲಿಲ್ಲ. ಯಕ್ಷಗಾನದಲ್ಲಿ ಕರ್ಣನ ವೇಷ ಮಾಡುವವರು ಬದಲಾಗುತ್ತಾರೆ. ಆಟ ಮುಗಿದ ಮೇಲೆ ಜನ ‘ಅವರ ಕರ್ಣನೇ ಕರ್ಣ, ಇವರದೆಂಥದ್ದು’ ಅಂತ ಬೆಳಗಿನವರೆಗೆ ಜಗಳವಾಡುತ್ತಾರೆ. ಆದರೆ ಮೇಳದ ಯಜಮಾನರು ರಂಗಸ್ಥಳಕ್ಕೆ ಬಂದು, ಕರ್ಣನಿಗೆ ಕವಚ ಇರಲೇ ಇಲ್ಲ, ನೀವು ನೋಡಿದ್ದು ಬೇರೆ ಯಾರನ್ನೋ, ಅಂತ ಹೇಳುವುದಿಲ್ಲ. ಲೀಜನ್ ಓದುಗರಿಗೆ ಹೇಳಿದ್ದು ಅದನ್ನೇ. ಸತ್ತ ಪಾತ್ರಕ್ಕೆ ಅಳಬಹುದು. ‘ಇರಲೇ ಇಲ್ಲ’ ಅಂದ ಪಾತ್ರಕ್ಕೆ ಎರಡು ವರ್ಷದ ಹಿಂದೆ ಅತ್ತ ಅಳುವನ್ನು ಏನು ಮಾಡುವುದು?

ಮುದ್ದು ಪ್ರಾಣಿಯ ಪ್ರಶ್ನೆ

ಈ ಇಡೀ ಪ್ರಕರಣದಲ್ಲಿ ನನಗೆ ಅತಿ ಇಷ್ಟವಾದ ಜಗಳ ಪ್ರೋಟಿಯದ್ದು.

ಹಿಂದಕ್ಕೆ ಹೋಗಬೇಕು. 1963ರ ಜನವರಿ ಸಂಚಿಕೆಯಲ್ಲಿ ಲೈಟ್ನಿಂಗ್ ಲ್ಯಾಡ್ ಸಾಯುತ್ತಾನೆ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅವನನ್ನು ಬದುಕಿಸುವ ಕತೆ ಬಂತು. ಗೆಳೆಯರೆಲ್ಲ ಅವನ ಸುತ್ತ ನಿಂತು ಲೋಹದ ಕೋಲು ಎತ್ತಿ ಹಿಡಿಯುತ್ತಾರೆ. ಯಾರ ಕೋಲಿಗೆ ಸಿಡಿಲು ಬಡಿಯುತ್ತದೋ ಅವರ ಜೀವ ಹೋಗಿ ಅವನಿಗೆ ಜೀವ ಬರುತ್ತದೆ. ಸ್ಯಾಟರ್ನ್ ಗರ್ಲ್ ತಾನೇ ಸಾಯಬೇಕೆಂದು ಮೊದಲೇ ಗುಟ್ಟಾಗಿ ಹೂಡಿರುತ್ತಾಳೆ. ಸಿಡಿಲು ಬಡಿಯುತ್ತದೆ, ಅವಳು ಬೀಳುತ್ತಾಳೆ. ಆದರೆ ಬಿದ್ದದ್ದು ಅವಳಲ್ಲ. ಅವಳ ರೂಪ ತಾಳಿ ನಿಂತಿದ್ದ ಪ್ರೋಟಿ, ಕಮೀಲಿಯನ್ ಬಾಯ್ ಸಾಕಿದ್ದ, ಬೇಕಾದ ಆಕಾರಕ್ಕೆ ಬದಲಾಗುವ ಪುಟ್ಟ ಪ್ರಾಣಿ. ಮಕ್ಕಳ ಕಾಮಿಕ್ಸ್ ಅಂತ ಹೇಳುತ್ತೇವೆ, ನೋಡಿ.

ಅಭಿಮಾನಿಗಳಾಗಿದ್ದ ಕಾಲದಿಂದಲೂ ಬಿಯರ್‌ಬಾಮ್ ದಂಪತಿಗೆ ಒಂದು ಊಹೆ ಇತ್ತು. ಜೀವ ಹೋಗಿದ್ದು ಪ್ರೋಟಿಯದಾದರೆ, ಆ ದೇಹಕ್ಕೆ ಬಂದಿದ್ದು ಯಾರ ಜೀವ? ಎದ್ದು ಕೂತವನು ಗಾರ್ತ್ (ಲೈಟ್ನಿಂಗ್ ಲ್ಯಾಡ್‌ನ ಮನೆ ಹೆಸರು) ಅಲ್ಲ, ಗಾರ್ತ್‌ನ ಮೈಯೊಳಗೆ ಸೇರಿದ ಪ್ರೋಟಿ. ಬಳಗದ ಪುಟಗಳಲ್ಲಿ ಇಂಥ ಊಹೆ ಹರಿದಾಡುವುದು ಮಾಮೂಲು. ಆದರೆ ಊಹೆ ಮಾಡಿದವರೇ ಬರೆಯುವ ಜಾಗಕ್ಕೆ ಬಂದುಬಿಟ್ಟರು. ಹೊಸ ಸರಣಿಯಲ್ಲಿ ಅದನ್ನು ಕತೆಯೊಳಗೇ ತಂದರು. ಅಂದರೆ 1963ರಿಂದ ಈಚೆಗೆ ಓದುಗರು ಗಾರ್ತ್ ಅಂದುಕೊಂಡಿದ್ದವನು ಪ್ರೋಟಿ. ಸ್ಯಾಟರ್ನ್ ಗರ್ಲ್ ಇಮ್ರಾ ಮದುವೆಯಾದದ್ದು, ಮಕ್ಕಳು ಹೆತ್ತದ್ದು, ತೋಟದಲ್ಲಿ ಕಾಯಿಲೆಯ ಗಂಡನನ್ನು ನೋಡಿಕೊಂಡದ್ದು ಎಲ್ಲ ಅವನ ಜೊತೆಗೇ.

ಕೆಲವರು ಕುಣಿದಾಡಿದರು. ಮೂವತ್ತು ವರ್ಷದ ಹಿಂದಿನ ಒಂದು ಚೌಕದಿಂದ ಇಂಥ ಕತೆ ಎಳೆದು ತಂದಿದ್ದಾರಲ್ಲ, ಸಾಕಿದ ಜೀವಿಯೊಂದು ಮೂವತ್ತು ವರ್ಷ ಬಾಯಿಬಿಡದೆ ಪ್ರೀತಿಸಿತಲ್ಲ, ಅಂತ. ಉಳಿದವರು ಕೆಂಡವಾದರು. ನಾನು ಓದಿಕೊಂಡು ಬಂದ ಗಾರ್ತ್‌ನನ್ನು ಯಾರ ಅಪ್ಪಣೆ ಕೇಳಿ ಕಿತ್ತುಕೊಂಡಿರಿ, ಅಂತ. ಗಮನಿಸಿದರೆ ಎರಡೂ ಕಡೆಯವರು ಹಿಡಿದು ಎಳೆಯುತ್ತಿರುವುದು ಒಂದೇ ಖಾತೆ ಪುಸ್ತಕವನ್ನು. ಇದು ಚೆನ್ನಾಗಿದೆ ಅಂದವರಿಗೂ ಚೆನ್ನಾಗಿಲ್ಲ ಅಂದವರಿಗೂ 1963ರ ಆ ಸಂಚಿಕೆ ಬಾಯಿಪಾಠ. ಹೊರಗಿನವರಿಗೆ ಈ ಜಗಳದೊಳಗೆ ಕಾಲಿಡಲೂ ಜಾಗವಿಲ್ಲ. ನನ್ನ ಓಟು ಪ್ರೋಟಿಗೆ, ಸುಮ್ನೆ ಹೇಳಿದೆ.

1992ರ 31ನೇ ಸಂಚಿಕೆಯೂ ಇಂಥದ್ದೇ. ಎಲಿಮೆಂಟ್ ಲ್ಯಾಡ್‌ನ ಗೆಳತಿ, ಪೊಲೀಸ್ ಅಧಿಕಾರಿ ಶ್ವಾನ್ ಎರಿನ್. ಯುದ್ಧದಿಂದ ಒಂದು ಔಷಧಿ ಸಿಗದೇ ಹೋಗುತ್ತದೆ. ಅದಿಲ್ಲದೆ ಶ್ವಾನ್ ಗಂಡಿನ ದೇಹಕ್ಕೆ ಮರಳುತ್ತಾಳೆ, ಹೆಸರು ಶಾನ್. ನಿನಗೆ ಇಷ್ಟವಾಗಲಿ ಅಂತ ಹೆಣ್ಣಾದೆ ಅನ್ನುತ್ತಾನೆ ಶಾನ್. ಆ ಔಷಧಿಯಿಂದಾಗಿ ಅಲ್ಲ, ಅದಿದ್ದರೂ ಇಷ್ಟಪಟ್ಟೆ ಅನ್ನೋ ಅರ್ಥದ ಉತ್ತರ ಎಲಿಮೆಂಟ್ ಲ್ಯಾಡ್‌ನದು. ಆ ಪಾತ್ರ ಸಲಿಂಗಿ ಇರಬೇಕು ಅಂತ ಹಳೇ ಓದುಗರಲ್ಲಿ ಎಷ್ಟೋ ಜನ ವರ್ಷಗಳಿಂದ ಗುಮಾನಿ ಪಡುತ್ತಿದ್ದರು. ಅಮೆರಿಕದ ಕಾಮಿಕ್ಸ್ ನಿಯಮಾವಳಿ ಇಂಥ ಪಾತ್ರಗಳಿಗೆ ಒಪ್ಪಿಗೆ ಕೊಟ್ಟಿದ್ದೇ 1989ರಲ್ಲಿ. ಗುಮಾನಿ ಇದ್ದವರಲ್ಲಿ ಕೆಲವರಿಗೆ ಸಂಚಿಕೆ ಓದಿ ನಿಟ್ಟುಸಿರು, ಸಂತೋಷ. ಒಂದು ದಶಕಕ್ಕೂ ಮಿಕ್ಕಿ ಶ್ವಾನ್‌ಳನ್ನು ಹೆಣ್ಣಾಗಿ ಕಂಡು ಮೆಚ್ಚಿದವರಿಗೆ ಬೇಸರ. ಇವತ್ತಿನ ಓದುಗರು ಅದೇ ಸಂಚಿಕೆಯನ್ನು ಇನ್ನೊಂದು ಕಡೆಯಿಂದ ಪ್ರಶ್ನಿಸುತ್ತಾರೆ: ಶ್ವಾನ್‌ಗೆ ತಾನು ಯಾರು ಅನ್ನೋದು ಬರೀ ಇನ್ನೊಬ್ಬರ ಪ್ರೀತಿಗಾಗಿ ಹಾಕಿದ ವೇಷವೇ? ಈ ಪ್ರಶ್ನೆ ಸರಿಯಾಗಿದೆ. 1992ರಲ್ಲಿ ಅದನ್ನು ಕೇಳುವ ಮಾತೇ ಬಹಳ ಜನರಲ್ಲಿ ಇರಲಿಲ್ಲ.

ಬಾರದ ಓದುಗ

ಅದೇ ವರ್ಷದ 38ನೇ ಸಂಚಿಕೆಯಲ್ಲಿ ಭೂಮಿಯೇ ಸಿಡಿದುಹೋಯಿತು. ಹೆಚ್ಚಿನ ಪಾಲು ಗದ್ಯದಲ್ಲಿ ಬರೆದ ಸಂಚಿಕೆ ಅದು. ಗಿಫೆನ್ ಹೊರನಡೆದರು. ಅಷ್ಟರಲ್ಲಿ ಕತೆಯೊಳಗೆ ಲೀಜನ್‌ನ ಹದಿಹರೆಯದ ಪ್ರತಿಗಳು ಕಾಣಿಸಿಕೊಂಡಿದ್ದವು. ಡಾಮಿನೇಟರ್‌ಗಳ ನೆಲಮಾಳಿಗೆಯಲ್ಲಿ ಸಿಕ್ಕ, ಬಣ್ಣದ ಉಡುಪಿನ, ನಗುನಗುವ ಮಕ್ಕಳು. 1993ರಲ್ಲಿ ಅವರಿಗೆ ‘ಲೀಜನೇರ್ಸ್’ ಎಂಬ ಬೇರೆ ಸರಣಿಯೇ ಬಂತು, ಕ್ರಿಸ್ ಸ್ಪ್ರೌಸ್ ಅವರ ತಿಳಿಯಾದ ಚಿತ್ರಗಳೊಂದಿಗೆ. ಅಂದರೆ ಮೂರನೇ ಗುಂಪಿನ ದೂರನ್ನು ಕೇಳಿಸಿಕೊಂಡರು. ಆದರೆ ಈಗ ಒಬ್ಬೊಬ್ಬರಿಗೂ ಇಬ್ಬಿಬ್ಬರು. ಇದರಲ್ಲಿ ನಿಜವಾದವರು ಯಾರು, ಪ್ರತಿ ಯಾರು? ಅದಕ್ಕೂ ಜಗಳ!

1994ರಲ್ಲಿ ಡಿಸಿ ‘ಝೀರೋ ಅವರ್’ ಎಂಬ ದೊಡ್ಡ ಕತೆಯ ನೆಪದಲ್ಲಿ ಎಲ್ಲವನ್ನೂ ಒರೆಸಿತು. 61ನೇ ಸಂಚಿಕೆಯಲ್ಲಿ ಹಳೇ ಲೀಜನ್ ಮಾಯ. ಮುಂದಿನ ತಿಂಗಳು ಸಂಚಿಕೆ 0: ಮೂವರು ಹದಿಹರೆಯದವರು, ಮೊದಲ ಭೇಟಿ, ಎಲ್ಲ ಹೊಸದು. ಬರೆಯುವವರಲ್ಲಿ ಒಬ್ಬರು ಮಾರ್ಕ್ ವೇಡ್. ಲೈಟ್ನಿಂಗ್ ಲ್ಯಾಡ್ ‘ಲೈವ್ ವೈರ್’ ಆದ. ಟ್ರಿಪ್ಲಿಕೇಟ್ ಗರ್ಲ್ ‘ಟ್ರಯಾಡ್’ ಆದಳು. ಕಲೋಸಲ್ ಬಾಯ್ ‘ಲೆವಯಥನ್’ ಆದ.

ಕೊಟ್ಟ ಕಾರಣ ಎಂದಿನದೇ: ಹೊಸ ಓದುಗರಿಗೆ ಒಳಗೆ ಬರಲು ದಾರಿಯಿಲ್ಲ. ಮಾತು ಸುಳ್ಳಲ್ಲ. ಲೀಜನ್ 1984ರಿಂದಲೇ ಕಾಮಿಕ್ಸ್ ಅಂಗಡಿಗಳಿಗೆ ಮಾತ್ರ ಹೋಗುವ, ಒಳ್ಳೇ ಕಾಗದದ, ಜಾಸ್ತಿ ಬೆಲೆಯ ಪುಸ್ತಕವಾಗಿತ್ತು. ಪೇಟೆಯ ಪೇಪರ್ ಅಂಗಡಿಯಲ್ಲಿ ಯಾವುದೋ ಮಗುವಿನ ಕಣ್ಣಿಗೆ ಬೀಳುವ ಸಂಭವ ಕಡಿಮೆಯಾಗಿತ್ತು. ಇದ್ದ ಓದುಗರೇ ಉಳಿದು, ಅವರೇ ವಯಸ್ಸಾಗುತ್ತಾ ಹೋದರು. ಆದರೆ ನೋಡಿ, ಪತ್ರ ಬರೆಯುವುದು ಹಳೇ ಓದುಗ. ಹೊಸ ಓದುಗ ಪತ್ರ ಬರೆಯುವುದಿಲ್ಲ, ಏಕೆಂದರೆ ಅವನು ಇನ್ನೂ ಬಂದೇ ಇಲ್ಲ. ರೀಲಾಂಚ್ ಮಾಡುವವರು ಪ್ರತಿ ಸಲವೂ ಆ ಬಾರದ ಓದುಗನ ಅಭಿಪ್ರಾಯಕ್ಕೆ ಮೊದಲ ಮಣೆ ಹಾಕುತ್ತಾರೆ. ಅವನು ಬೇಡ ಅನ್ನುವುದಿಲ್ಲ, ಜಗಳವಾಡುವುದಿಲ್ಲ, ಕರೆದ ಕಡೆಗೆ ತಲೆಯಾಡಿಸುತ್ತಾನೆ. 1989ರ ಲೀಜನ್ ಅವನನ್ನು ಪೂರ್ತಿ ಕಡೆಗಣಿಸಿತು. ಮುಖಪುಟದ ಮೇಲೆ ಮಾತ್ರ ಅವನಿಗಾಗಿ ‘1’ ಅಂತ ಹಾಕಿತು. ಅದನ್ನು ಮೋಸ ಅಂತ ನಾನು ಆಗ ಬೈದಿದ್ದೆ. ಈಗ ಅದು ಬರೀ ಅಂಗಡಿಯವನ ಲೆಕ್ಕ ಅನ್ನಿಸುತ್ತದೆ.

1994ರ ಲೀಜನ್ ಹತ್ತು ವರ್ಷ ಬಾಳಿತು. ಅದನ್ನೇ ‘ನಮ್ಮ ಲೀಜನ್’ ಅನ್ನುವ ಹೊಸ ಪೀಳಿಗೆ ಹುಟ್ಟಿತು. ಬಾರದ ಓದುಗ ಅಂತೂ ಬಂದ, ಖಾತೆ ಪುಸ್ತಕ ತೆರೆದ, ಪತ್ರ ಬರೆಯಲು ಶುರು ಮಾಡಿದ. ಅಂದರೆ ಅವನೂ ಹಳಬನಾದ. 2004ರ ಕೊನೆಗೆ ಅವನ ಲೀಜನ್ನನ್ನೂ ಒರೆಸಿದರು. ಮತ್ತೆ ಒಂದನೇ ಸಂಚಿಕೆ. ಬರೆದವರು ಮತ್ತೆ ವೇಡ್, ಚಿತ್ರ ಬ್ಯಾರಿ ಕಿಟ್ಸನ್. ಈ ಸಲ ಲೀಜನ್ ಅಂದರೆ ದೊಡ್ಡವರ ವಿರುದ್ಧ ಯುವಜನರ ಬಂಡಾಯ. ಓದುಗರ ಪತ್ರಗಳಿಗೆ ಪಾತ್ರಗಳೇ ಚಿತ್ರದಲ್ಲಿ ಬಂದು ಉತ್ತರ ಕೊಡುತ್ತಿದ್ದವು, ಅದೊಂದು ಮಜವಾಗಿತ್ತು. 37ನೇ ಸಂಚಿಕೆಯಿಂದ ಬರೆಯಲು ಬಂದವರು ಜಿಮ್ ಶೂಟರ್, ಹದಿಮೂರರ ಅದೇ ಹುಡುಗ, ಆಗ ಐವತ್ತು ದಾಟಿದ್ದವರು. 50ಕ್ಕೆ ಅದೂ ನಿಂತಿತು. 2019ರಲ್ಲಿ ಬ್ರಯನ್ ಮೈಕಲ್ ಬೆಂಡಿಸ್ ಮತ್ತು ರಯನ್ ಸೂಕ್ ಮತ್ತೊಂದು ಒಂದನೇ ಸಂಚಿಕೆ ತಂದರು. ಅದು ಹನ್ನೆರಡಕ್ಕೇ ಮುಗಿಯಿತು.

ಕತ್ತಲ ಪುಟಗಳ 1989ರ ಸರಣಿಗೆ ಮರ್ಯಾದೆ ಬಂದಿದ್ದು ತಡವಾಗಿ. 2020ರಲ್ಲಿ ಡಿಸಿ ಅದರ ಮೊದಲ ಭಾಗವನ್ನು ಸಾವಿರಕ್ಕೂ ಜಾಸ್ತಿ ಪುಟದ ದಪ್ಪ ಸಂಪುಟವಾಗಿ ಹೊರತಂದಿತು. ಗಿಫೆನ್ ತೀರಿಕೊಂಡಿದ್ದು 2023ರಲ್ಲಿ. ಕೈಯಲ್ಲಿ ಎತ್ತಿ ಹಿಡಿದು ಓದಲಾಗದ ಆ ಇಟ್ಟಿಗೆಯನ್ನು ಅವರು ನೋಡಿ ಹೋದರು ಅನ್ನೋದು ಒಂದು ಸಮಾಧಾನ.

ನಡುವೆ 2008–09ರಲ್ಲಿ ಡಿಸಿ ಇನ್ನೊಂದು ಕೆಲಸ ಮಾಡಿತ್ತು. ‘ಲೀಜನ್ ಆಫ್ ತ್ರೀ ವರ್ಲ್ಡ್ಸ್’ ಎಂಬ ಐದು ಸಂಚಿಕೆಯ ಕತೆ. ಬರೆದವರು ಜೆಫ್ ಜಾನ್ಸ್, ಚಿತ್ರ ಜಾರ್ಜ್ ಪೆರೆಜ್ ಅವರದು. ಹಳೇ ಲೀಜನ್, 1994ರದ್ದು, 2004ರದ್ದು, ಮೂರನ್ನೂ ಒಂದೇ ಪುಟದಲ್ಲಿ ನಿಲ್ಲಿಸಿ ಒಟ್ಟಿಗೆ ಕಾದಾಡಿಸಿದರು. 1989ರ ಲೀಜನ್‌ಗೆ ಆ ಮೂರರಲ್ಲಿ ಜಾಗವಿಲ್ಲ. ಖಳನಾಯಕ ಸೂಪರ್‌ಬಾಯ್-ಪ್ರೈಮ್, ಮೊದಲೆಲ್ಲ ಎಷ್ಟು ಚೆನ್ನಾಗಿತ್ತು, ಈಗೇನೂ ಸರಿಯಿಲ್ಲ ಅಂತ ಹಲ್ಲು ಕಡಿಯುವ ಹುಡುಗ. ಕೊನೆಗೆ ಅವನನ್ನು ಅವನ ಲೋಕಕ್ಕೆ ತಳ್ಳುತ್ತಾರೆ. ಅಲ್ಲಿ ಅವನು ಅಪ್ಪ ಅಮ್ಮನ ಮನೆಯಲ್ಲಿದ್ದಾನೆ. ಕೈಯಲ್ಲಿ ಡಿಸಿ ಕಾಮಿಕ್ಸ್, ಮುಂದೆ ಕಂಪ್ಯೂಟರ್. ಓದುತ್ತಾನೆ, ಸಿಡುಕುತ್ತಾನೆ, ಟೈಪ್ ಮಾಡುತ್ತಾನೆ.